ಶಬ್ದಕ್ಕೆ ಮಿನುಗುವ ದೀಪ

ಚಪ್ಪಾಳೆ ತಟ್ಟಿದೊಡನೆ ಮಿನುಗುವ ಪುಟ್ಟ ದೀಪವೊಂದನ್ನು ಕಾಸರಗೋಡು ಸೀಮೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಮಕ್ಕಳೊಡನೆ ರಚಿಸಿದೆವು. ವಾಚಕರು ಮನೆಯಲ್ಲಿಯೂ ಇದನ್ನು ಮಾಡಬಹುದು. ಮನೆಯ ವಿದ್ಯುತ್ತಿನ ಗೊಡವೆಯಿಲ್ಲ, 9 ವೋಲ್ಟಿನ ಬ್ಯಾಟರಿ ಸಾಕು.

ಎಲೆಕ್ಟ್ರೆಟ್ ಮೈಕಿನ ಹೊರಕವಚಕ್ಕೆ ಸೇರಿದ ತುದಿಯನ್ನೂ ಎರಡು ಬಿಸಿ 547 ಟ್ರಾನ್ಸಿಸ್ಟರುಗಳ ಎಮಿಟರುಗಳನ್ನೂ ಬ್ಯಾಟರಿಯ ಋಣಾಗ್ರಕ್ಕೆ ಸೇರಿಸಬೇಕು. ಧನಾಗ್ರದಿಂದ ಮೈಕಿನ ಇನ್ನೊಂದು ತುದಿಗೆ 10 ಕಿಲೋ ಓಮ್, ಮೊದಲ ಟ್ರಾನ್ಸಿಸ್ಟರಿನ ಬೇಸಿಗೆ 1 ಮೆಗಾ ಓಮ್, ಅದರ ಕಲೆಕ್ಟರಿಗೆ 10 ಕಿಲೋ ಓಮ್ ರೋಧಕಗಳನ್ನು ಜೋಡಿಸಬೇಕು. ಮೈಕಿನ ಆ ತುದಿಗೂ ಮೊದಲ ಬೇಸಿಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಮೊದಲ ಕಲೆಕ್ಟರನ್ನು ಎರಡನೆಯ ಬೇಸಿಗೆ ಕೂಡಿಸಿ, ಎರಡನೆಯ ಕಲೆಕ್ಟರಿಗೂ ಧನಾಗ್ರಕ್ಕೂ ನಡುವೆ 470 ಓಮ್ ರೋಧಕವನ್ನೂ ಎಲ್‌ಇಡಿಯನ್ನೂ ಸಾಲಾಗಿ ಇರಿಸಬೇಕು. ಎಲ್‌ಇಡಿಯ ಉದ್ದ ಕಾಲು ಧನಾಗ್ರದ ಕಡೆಗಿರಲಿ.

ನಿಶ್ಶಬ್ದದಲ್ಲಿ ಮೊದಲ ಟ್ರಾನ್ಸಿಸ್ಟರು ಎರಡನೆಯದನ್ನು ತಡೆದಿರುತ್ತದೆ. ಶಬ್ದದ ಕಂಪನವು ಆ ತಡೆಯನ್ನು ಕ್ಷಣಕಾಲ ಸಡಿಲಿಸಲು, ದೀಪ ಬೆಳಗುತ್ತದೆ.

ಮೊದಲ ಪರೀಕ್ಷೆಯಂದು ಚಪ್ಪಾಳೆಗೆ ದೀಪ ಮಿನುಗಿತು. ತರಗತಿಯೆಲ್ಲ ತಿರುಗಿ ನೋಡಿತು. ಪುಸ್ತಕಕ್ಕೆ ಬಾಗಿದ್ದ ಬಾಲಕನೊಬ್ಬ ಮಾತ್ರ ತಲೆಯೆತ್ತಲಿಲ್ಲ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಕೇಳಿದ್ದಕ್ಕೆ ಉತ್ತರಿಸದ ಆ ಮಗುವಿಗೆ ಭಾಷೆಯೇ ತೊಡಕೆಂದು ನಾವು ಬಗೆದಿದ್ದೆವು, ಗದರಿಸಿಯೂ ಇದ್ದೆವು. ವೈದ್ಯರು ಪರೀಕ್ಷಿಸಿದಾಗ ಕಿವಿ ಮಂದವೆಂದು ತಿಳಿಯಿತು. ಈಗ ಆತ ಮೊದಲ ಬೆಂಚಿನಲ್ಲಿದ್ದಾನೆ. ದೀಪದ ಉಸ್ತುವಾರಿಯೂ ಆತನದೇ.

ಈ ದೀಪವು ಕಿವಿಯ ಪರೀಕ್ಷೆಗೆ ಸಾಧನವಲ್ಲ. ಕರೆದಾಗ ಓಗೊಡದ ಮಗುವನ್ನು ಗದರಿಸುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿರೆಂದು ಹೆತ್ತವರಲ್ಲಿ ನಮ್ಮ ವಿನಂತಿ.