ಗಣಕಯಂತ್ರದ ಮರೆವು ಮತ್ತು ನಮ್ಮ ನುಡಿ

ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಕಚೇರಿ ತೆರೆದಂದಿನಿಂದ ಬೆಂಗಳೂರಿನ ಪೂರ್ವಭಾಗಕ್ಕೂ ಗಣಕಯಂತ್ರಕ್ಕೂ ನಂಟು ಬೆಳೆಯುತ್ತ ಬಂದಿದೆ. ಇಂದು ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ ಇದನ್ನೇ ಕಾಯಕವಾಗಿ ನಂಬಿದ ಮನೆಗಳು ಅನೇಕ. ಆದರೂ ಕನ್ನಡ ಶಾಲೆಯ ಮಗು ಯಂತ್ರದ ಮುಂದೆ ಕುಳಿತರೆ ಅದು ನುಡಿಯುವುದು ಬಹುಮಟ್ಟಿಗೆ ಇಂಗ್ಲಿಷನ್ನೇ. ಅಧ್ಯಾಪಕರು ಅದನ್ನು ಕನ್ನಡಕ್ಕೆ ತಿರುಗಿಸಿದರೂ ಮರುದಿನ ಮತ್ತೆ ಇಂಗ್ಲಿಷು! ಈ ಮರೆವಿಗೆ ಕಾರಣವೇನು?

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಯಲ್ಲಿ ನಮ್ಮ ಆಜ್ಞೆಗಳನ್ನು ಯಂತ್ರಕ್ಕೆ ತಿಳಿಸುವ ದುಭಾಷಿಗೆ 'ಶೆಲ್' ಎಂದು ಹೆಸರು. 1979ರ ಏಳನೆಯ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್‌ನೊಡನೆ 'ಪರಿಸರ ಚರ'ಗಳ ಏರ್ಪಾಡು ಬಂದಿತು. ಲಿನಕ್ಸ್‌ನಲ್ಲಿಯೂ ಅದೇ ನಡೆದಿದೆ. ಚರವೆಂದರೆ ಒಂದು ಹೆಸರು, ಅದಕ್ಕೊಂದು ಬೆಲೆ. 'ಲ್ಯಾಂಗ್' ಎಂಬ ಚರವು ಭಾಷೆಯನ್ನೂ, 'ಪಾತ್' ಎಂಬುದು ಆಜ್ಞೆಗಳನ್ನು ಹುಡುಕುವ ಸ್ಥಳಗಳನ್ನೂ ಸೂಚಿಸುತ್ತವೆ.

ಶೆಲ್‌ನಲ್ಲಿ 'ಎಕ್ಸ್‌ಪೋರ್ಟ್ ಲ್ಯಾಂಗ್=ಕೆಎನ್_ಐಎನ್.ಯುಟಿಎಫ್-8' ಎಂದು (ಇಂಗ್ಲಿಷ್ ಅಕ್ಷರಗಳಲ್ಲಿ) ಒತ್ತಿದರೆ, ಆ ಶೆಲ್‌ನಿಂದ ಹುಟ್ಟುವ ಕಾರ್ಯಕ್ರಮಗಳೆಲ್ಲ ಆ ಬೆಲೆಯ ಒಂದೊಂದು ಪ್ರತಿಯನ್ನು ಪಡೆಯುತ್ತವೆ. ತಂದೆಯದು ಮಕ್ಕಳಿಗೆ ಬರುತ್ತದೆ; ಮಕ್ಕಳು ಮಾಡಿಕೊಂಡ ಬದಲಾವಣೆ ತಂದೆಗೆ ಮರಳದು. ಶೆಲ್ ಮುಚ್ಚಿದೊಡನೆ ಎಲ್ಲವೂ ಅಳಿಯುತ್ತದೆ. ಇದು ಕರಿಹಲಗೆಯ ಬರಹ.

ಉಳಿಯಬೇಕಾದುದನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕಷ್ಟೆ. ಬಳಕೆದಾರನ ಮನೆಕೋಶದಲ್ಲಿ, ಚುಕ್ಕೆಯಿಂದ ಆರಂಭವಾಗುವ '.ಪ್ರೊಫೈಲ್' ಎಂಬ ಕಡತವೇ ಆ ಪುಸ್ತಕ. ಒಳಗೆ ಪ್ರವೇಶಿಸಿದಾಗಲೆಲ್ಲ ಶೆಲ್ ಅದನ್ನು ಓದುತ್ತದೆ. ಮೇಲಿನ ಸಾಲನ್ನು ಅದರ ಕೊನೆಯಲ್ಲಿ ಸೇರಿಸಿ, ಹೊರಬಂದು ಮತ್ತೆ ಪ್ರವೇಶಿಸಿದರೆ ಸಾಕು. ಬ್ಯಾಶ್ ಶೆಲ್‌ನಲ್ಲಿ '.ಬ್ಯಾಶ್_ಪ್ರೊಫೈಲ್' ಇದ್ದರೆ '.ಪ್ರೊಫೈಲ್' ಓದಲ್ಪಡುವುದಿಲ್ಲವೆಂಬುದು ನೆನಪಿರಲಿ. ಉಬುಂಟುವಿನಲ್ಲಿ ಇಡೀ ಯಂತ್ರಕ್ಕೆ ಭಾಷೆಯನ್ನು ಗೊತ್ತುಪಡಿಸಲು ಮೇಲ್ವಿಚಾರಕರು '/ಇಟಿಸಿ/ಡೀಫಾಲ್ಟ್/ಲೊಕೇಲ್' ಕಡತವನ್ನು ತಿದ್ದಬೇಕು. ಅಲ್ಲಿ 'ಎಕ್ಸ್‌ಪೋರ್ಟ್' ಪದ ಬೇಡ.

ಕೆಲವು ಎಚ್ಚರಿಕೆಗಳು ಅವಶ್ಯ. ಸಮಚಿಹ್ನೆಯ ಎರಡೂ ಬದಿ ತೆರವು ಬಿಡಬಾರದು. 'ಪಾತ್' ಚರಕ್ಕೆ ಹೊಸದನ್ನು ಸೇರಿಸುವಾಗ ಹಳೆಯ ಬೆಲೆಯನ್ನು ಉಳಿಸಿಕೊಳ್ಳದಿದ್ದರೆ ನಿತ್ಯದ ಆಜ್ಞೆಗಳೇ ಸಿಗದಾಗುತ್ತವೆ. ಕನ್ನಡದ ಲೊಕೇಲ್, ಅಕ್ಷರವಿನ್ಯಾಸ ಹಾಗೂ ಅನುವಾದಗಳು ಯಂತ್ರದಲ್ಲಿ ಮೊದಲೇ ಇರಬೇಕು. ಅನುವಾದವಾಗದ ಮಾತುಗಳು ಇಂಗ್ಲಿಷಿನಲ್ಲಿಯೇ ಉಳಿಯುವುವು.

ದಾನಿಗಳು ಯಂತ್ರವನ್ನು ಕೊಡಬಲ್ಲರು. ಅದು ಯಾವ ನುಡಿಯಲ್ಲಿ ಮಗುವನ್ನು ಬರಮಾಡಿಕೊಳ್ಳಬೇಕೆಂಬುದನ್ನು ಬರೆದಿಡಬೇಕಾದವರು ನಾವು. ಇದು ಒಂದೇ ಸಾಲಿನ ಕೆಲಸ. ನಾಡಿನ ನಾನಾ ಕಡೆ ಈ ವಿದ್ಯೆಯಲ್ಲಿ ನಿರತರಾದ ಹಳೆಯ ವಿದ್ಯಾರ್ಥಿಗಳು ರಜೆಯ ದಿನವೊಂದನ್ನು ಇದಕ್ಕೆ ಮೀಸಲಿಟ್ಟರೆ ಅದೂ ಜ್ಞಾನದಾಸೋಹವೇ ಸರಿ.