ನೀರು ಬಂದ ಊರು, ನೀರು ಬಾರದ ಊರು

ಮುಧೋಳದ ಸೀಮೆಯಲ್ಲಿ ಘಟಪ್ರಭೆಯ ದಂಡೆಗುಂಟ ನಡೆದವರಿಗೆ ಕಬ್ಬಿನ ಹಸುರು ಕಣ್ತುಂಬ ಕಾಣುತ್ತದೆ. ನೀರು ತಲುಪದ ಎತ್ತರದ ಹೊಲದ ಒಡೆಯನಾದರೋ ಮುಗಿಲನ್ನೇ ನೋಡುತ್ತ ಕೂಡಬೇಕು. ನೀರು ಬಂದ ಊರು ಭಾಗ್ಯಶಾಲಿ, ಬಾರದ ಊರು ಹತಭಾಗ್ಯ ಎಂದು ಜನ ತೀರ್ಮಾನಿಸುವುದು ಸಹಜ. ಆದರೆ ಈ ತೀರ್ಮಾನ ಎಷ್ಟರಮಟ್ಟಿಗೆ ದಿಟ? ಕನ್ನಡ ನಾಡಿನ ಇನ್ನೊಂದು ಕಬ್ಬಿನ ಸೀಮೆಯಾದ ಮಂಡ್ಯದಲ್ಲಿ ಇದನ್ನು ಪರೀಕ್ಷಿಸಲೆಂದು 1954ರಲ್ಲಿ ಪರದೇಶದ ವಿದ್ಯಾರ್ಥಿನಿಯೊಬ್ಬಳು ಬಂದಳು.

ಆಕೆಯ ಹೆಸರು ಸ್ಕಾರ್ಲೆಟ್ ಎಪ್‌ಸ್ಟೈನ್. ಹುಟ್ಟಿದ್ದು 1922ರಲ್ಲಿ, ವಿಯೆನ್ನಾ ನಗರದ ಯಹೂದಿ ಮನೆತನದಲ್ಲಿ. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾವನ್ನು ನುಂಗಿದಾಗ ಮನೆಮಾರು ತೊರೆದು, ಇಂಗ್ಲೆಂಡನ್ನು ಸೇರಿ, ಕಾರ್ಖಾನೆಯಲ್ಲಿ ದುಡಿದು, ಅನಂತರ ಓದು ಮುಂದುವರಿಸಿದವಳು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆಗ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಸೇಂಟ್ ಲೂಸಿಯಾ ದ್ವೀಪದ ಆರ್ಥರ್ ಲೂಯಿಸ್. ಬಡ ದೇಶಗಳು ಮುಂದೆ ಬರುವ ಬಗೆಯನ್ನು ಕುರಿತ ವಿಚಾರಕ್ಕಾಗಿ 1979ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು. ಅಂತಹ ವಾತಾವರಣದಲ್ಲಿ ಬೆಳೆದ ಈ ಸಂಶೋಧಕಿ ದೇಶದೇಶಗಳ ಅಂತರವನ್ನು ಅಂಕಿಸಂಖ್ಯೆಗಳಲ್ಲಿ ಅಳೆಯದೆ, ಹಳ್ಳಿಯ ಜಗುಲಿಯ ಮೇಲೆ ಕುಳಿತು ಅರಿಯಬಯಸಿದಳು.

ಕೃಷ್ಣರಾಜಸಾಗರದ ಕಾಲುವೆಯಿಂದ ಮಂಡ್ಯದ ಬಯಲು ಹಸುರಾಗಿತ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ ಕಬ್ಬಿಗೆ ಬೆಲೆ ಬಂದಿತ್ತು. ಆಕೆ ಆರಿಸಿಕೊಂಡದ್ದು ಎರಡು ಹಳ್ಳಿಗಳನ್ನು. ಗ್ರಂಥದಲ್ಲಿ ಅವುಗಳಿಗೆ ವಂಗಲ, ದಾಲೇನ ಎಂಬ ಮರೆಯ ಹೆಸರುಗಳು. ವಂಗಲಕ್ಕೆ ಕಾಲುವೆಯ ನೀರು ಬಂದಿತು. ದಾಲೇನ ಎತ್ತರದಲ್ಲಿದ್ದುದರಿಂದ ಅದರ ಹೊಲಗಳು ಒಣಗಿಯೇ ಉಳಿದವು.

ಕಂಡುಬಂದ ಸಂಗತಿ ಎಲ್ಲರ ನಿರೀಕ್ಷೆಯನ್ನೂ ತಲೆಕೆಳಗು ಮಾಡುವಂತಹುದು. ವಂಗಲದಲ್ಲಿ ಹಣ ಹರಿಯಿತು, ಆದರೆ ಊರಿನ ಕಟ್ಟುಕಟ್ಟಳೆ ಕದಲಲಿಲ್ಲ. ಕಬ್ಬು ಬೆಳೆದರೂ ಬೇಸಾಯವೇ ಬದುಕಾಗಿತ್ತು. ಒಕ್ಕಲಿಗ ಯಜಮಾನನಿಗೂ ಆದಿಕರ್ನಾಟಕ ಆಳಿಗೂ ಇದ್ದ ವಂಶಪಾರಂಪರ್ಯದ ಸಂಬಂಧ ಹಾಗೆಯೇ ಉಳಿಯಿತು. ಆದಿಕರ್ನಾಟಕರು ನಾಟಕವಾಡಹೊರಟಾಗ ಅವರಲ್ಲೊಬ್ಬನು ರಂಗದ ಮೇಲೆ ಸಿಂಹಾಸನವೇರುವುದು ಒಕ್ಕಲಿಗರಿಗೆ ಸಹಿಸಲಾರದ ಮಾತಾಯಿತು. ದೊಡ್ಡ ವ್ಯಾಜ್ಯವೇ ಎದ್ದಿತು. ದಾಲೇನದವರಾದರೋ ಹೊಟ್ಟೆಪಾಡಿಗಾಗಿ ಊರ ಗಡಿ ದಾಟಿದರು. ಕೆಲವರು ಮಂಡ್ಯದ ಕಾರ್ಖಾನೆಯಲ್ಲಿ ನೌಕರಿ ಹಿಡಿದರು. ಕೆಲವರು ಹಿಟ್ಟಿನ ಗಿರಣಿ ಹಾಕಿದರು. ಉಳ್ಳವರು ನೀರಾವರಿಯ ನೆರೆಯೂರುಗಳಲ್ಲಿ ಜಮೀನು ಕೊಂಡರು. ಬದುಕಿನ ದಾರಿ ಬದಲಾದಂತೆ ಹಳೆಯ ಕಟ್ಟುಗಳೂ ಸಡಿಲಿದವು. ಒಣ ಊರೇ ಹೆಚ್ಚು ಬದಲಾಗಿತ್ತು! ಈ ಅಧ್ಯಯನ 1962ರಲ್ಲಿ ಗ್ರಂಥವಾಗಿ ಬೆಳಕು ಕಂಡಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. 1970ರಲ್ಲಿ ಆಕೆ ಮತ್ತೆ ಅದೇ ಹಳ್ಳಿಗಳಿಗೆ ಬಂದಳು. ಉಳ್ಳವರ ಮನೆಗಳಲ್ಲಿ ಸಿರಿ ಹೆಚ್ಚಿತ್ತು. ಕೂಲಿಕಾರರ ಗುಡಿಸಿಲುಗಳಿಗೆ ಅದರ ಪಾಲು ಮುಟ್ಟಿರಲಿಲ್ಲ. ಹಿಂದೆ ಆಳಿಗೆ ವರ್ಷಕ್ಕಿಷ್ಟು ಧಾನ್ಯ ಎಂಬ ಕಟ್ಟಳೆಯಿತ್ತು. ಅದು ಆಳನ್ನು ಆಳಾಗಿಯೇ ಇಡುವ ಸರಪಳಿ ಎಂಬುದು ನಿಜ; ಆದರೆ ಬರಗಾಲದಲ್ಲಿ ಅವನ ಹೊಟ್ಟೆಗೆ ಆಧಾರವೂ ಅದೇ. ಧಾನ್ಯದ ಬದಲು ರೊಕ್ಕದ ಕೂಲಿ ಬಂದಾಗ ಆ ಆಧಾರ ತಪ್ಪಿತು, ಬಡತನ ಮಾತ್ರ ಉಳಿಯಿತು. ಊರಿನ ಒಟ್ಟು ಸಂಪತ್ತು ಏರುತ್ತಿರುವಾಗಲೇ ಕೆಳಗಿನವನ ನೆಲೆ ಕುಸಿಯಬಹುದೆಂಬ ಈ ಮಾತನ್ನು ಆಕೆ 1973ರ ಗ್ರಂಥದಲ್ಲಿ ಸ್ಪಷ್ಟವಾಗಿ ಸಾರಿದಳು. ಸೂರ್ಯನಾರಾಯಣ ಮತ್ತು ತಿಮ್ಮೇಗೌಡ ಅವರೊಡಗೂಡಿ ಬರೆದ, ನಾಲ್ವತ್ತು ವರ್ಷಗಳ ಬದಲಾವಣೆಯ ವೃತ್ತಾಂತ 1998ರಲ್ಲಿ ಹೊರಬಂದಿತು. 2014ರಲ್ಲಿ ಆಕೆ ತೀರಿಕೊಂಡಳು.

ಪದವಿಗಾಗಿ ಬಂದ ವಿದ್ಯಾರ್ಥಿಗಳು ಪದವಿ ದೊರೆತೊಡನೆ ಊರನ್ನು ಮರೆಯುವುದೇ ಲೋಕರೂಢಿ. ಈಕೆ ಮರಳಿ ಬಂದುದರಿಂದಲೇ ಮೊದಲ ಸಲ ಕಾಣದಿದ್ದುದು ಎರಡನೆಯ ಸಲ ಕಂಡಿತು. ಇಂದು ಮುಧೋಳ, ಜಮಖಂಡಿಗಳ ಕಬ್ಬಿನ ನಾಡಿನಿಂದಲೂ ತರುಣ ತರುಣಿಯರು ಉನ್ನತ ವ್ಯಾಸಂಗಕ್ಕೆ ಹೊರಡುತ್ತಿದ್ದಾರೆ. ಜಗತ್ತಿನ ಸಿರಿತನ ಬಡತನಗಳ ಅಂತರವನ್ನು ಅರಿಯಬಯಸುವವರು ದೂರ ಹೋಗಬೇಕಾದ್ದಿಲ್ಲ. ಕಾಲುವೆಯ ಈಚೆ ಒಂದು ಮನೆ, ಆಚೆ ಇನ್ನೊಂದು ಮನೆ; ಎರಡರಲ್ಲಿಯೂ ಕುಳಿತು ಕೇಳುವ ತಾಳ್ಮೆಯೊಂದಿದ್ದರೆ ಸಾಕು.