ಕೋಳಿ ಒಯ್ದವರು ಯಾರು?



ಬೆಳಗಾಯಿತು. ಗೂಡಿನ ಬಾಗಿಲು ತೆಗೆದೆವು. ಒಂದು ಕೋಳಿ ಕಡಿಮೆ. ಹಿತ್ತಲೆಲ್ಲ ಹುಡುಕಿದೆವು. ಎಲ್ಲೂ ಇಲ್ಲ. "ನನ್ನ ಕೋಳಿ ಯಾರು ಒಯ್ದಾರ?" ಎಂದು ಓಣಿಯಲ್ಲಿ ನಿಂತು ಕೂಗಿದೆವು. ಪಕ್ಕದ ಮನೆಯಾಕೆಗೆ ಸಿಟ್ಟು ಬಂತು. "ನಮ್ಮ ಮ್ಯಾಲ ಯಾಕ ಹಾಕ್ತೀ?" ಎಂದಳು. ಮಾತಿಗೆ ಮಾತು ಬೆಳೆಯಿತು. ಎರಡೂ ಮನೆಗಳ ಮಾತು ನಿಂತೇ ಹೋಯಿತು. ಮೂರು ದಿನದ ಮೇಲೆ ಕಬ್ಬಿನ ಹೊಲದ ಬದುವಿನಲ್ಲಿ ಪುಕ್ಕ ಸಿಕ್ಕವು. ಕೋಳಿ ಒಯ್ದದ್ದು ನರಿ!

ರಾಜೇಶ್ವರದಂಥ ಊರುಗಳಲ್ಲಿ ಇಂಥ ಜಗಳ ಹೊಸದಲ್ಲ. ಬಸವಕಲ್ಯಾಣ, ಹುಮನಾಬಾದ ಕಡೆ ಕಬ್ಬು, ತೊಗರಿಯ ಹೊಲಗಳು ಊರಿಗೆ ಹತ್ತಿಕೊಂಡೇ ಇವೆ. ನರಿ, ಕಾಡಬೆಕ್ಕು, ಮುಂಗುಸಿಗಳಿಗೆ ಅಲ್ಲಿ ಅಡಗಲು ಜಾಗ ಇದೆ.

ಕೋಳಿ ಅಂದರೆ ನಮ್ಮ ಕೈಯ ದುಡ್ಡು. ತತ್ತಿ ಮಾರಿದ ಹಣದಿಂದ ಮಗಳ ನೋಟುಬುಕ್ಕು ಬರುತ್ತದೆ, ಔಷಧಿ ಬರುತ್ತದೆ. ಒಂದು ಕೋಳಿ ಹೋದರೆ ಇದೆಲ್ಲ ಹೋದಂತೆ. ಹಾಗಾದರೆ ಏನು ಮಾಡೋಣ? ಅಕ್ಷರ ಓದಲು ಕಲಿತೆವು. ಈಗ ನೆಲದ ಮೇಲಿನ ಗುರುತನ್ನೂ ಓದೋಣ.

ಗುರುತು ಓದೋಣ

ನರಿ ಕತ್ತಲಾದ ಮೇಲೆ ಬರುತ್ತದೆ. ನಸುಕಿನಲ್ಲೂ ಬರುತ್ತದೆ. ಕೋಳಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುತ್ತದೆ. ಹೊಲದ ದಾರಿಗುಂಟ ಪುಕ್ಕ ಬಿದ್ದಿರುತ್ತವೆ. ಕಾಡಬೆಕ್ಕೂ ಹೀಗೆಯೇ ಹೊತ್ತೊಯ್ಯುತ್ತದೆ.

ಬೀದಿ ನಾಯಿಗಳ ರೀತಿ ಬೇರೆ. ಅವು ಹಲವು ಕೋಳಿಗಳನ್ನು ಕೊಂದು, ತಿನ್ನದೆ ಹಾಗೇ ಬಿಟ್ಟು ಹೋಗುವುದುಂಟು. ಹಿತ್ತಲ ತುಂಬ ಪುಕ್ಕ ಚೆಲ್ಲಿರುತ್ತವೆ.

ಮುಂಗುಸಿ ಹಾಡು ಹಗಲೇ ಬರುತ್ತದೆ. ತಲೆ, ಕುತ್ತಿಗೆಗೆ ಕಚ್ಚುತ್ತದೆ. ಮರಿ ತಿನ್ನುತ್ತದೆ, ತತ್ತಿ ಒಡೆದು ತಿನ್ನುತ್ತದೆ. ಸಣ್ಣ ಸಂದು ಸಿಕ್ಕರೆ ಸಾಕು, ಒಳಗೆ ನುಗ್ಗುತ್ತದೆ.

ಹದ್ದು, ಕಾಗೆಗಳ ಕಣ್ಣು ಮರಿಗಳ ಮೇಲೆ. ಹಗಲಲ್ಲಿ ಮರಿ ಕಾಣೆಯಾಗಿ, ನೆಲದ ಮೇಲೆ ಏನೂ ಗುರುತು ಇಲ್ಲ ಅಂದರೆ ಮೇಲಕ್ಕೆ ನೋಡಿ.

ಹೆಗ್ಗಣ ರಾತ್ರಿ ಮರಿಯನ್ನು ಬಿಲಕ್ಕೆ ಎಳೆಯುತ್ತದೆ. ಗೂಡಿನ ಮೂಲೆಯಲ್ಲಿ ಹೊಸ ಮಣ್ಣು ಕಾಣುತ್ತದೆ.

ಹಾವು ತತ್ತಿಯನ್ನು ಇಡಿಯಾಗಿ ನುಂಗುತ್ತದೆ. ಸಿಪ್ಪೆ ಕೂಡ ಉಳಿಯುವುದಿಲ್ಲ. ಆದ್ದರಿಂದ ಕತ್ತಲಲ್ಲಿ ತತ್ತಿಗೆ ಕೈ ಹಾಕಬೇಡಿ. ಬ್ಯಾಟರಿ ಬಿಟ್ಟು ನೋಡಿ, ಆಮೇಲೆ ಕೈ ಹಾಕಿ. ಹಾವು ಕಚ್ಚಿದರೆ ಮಂತ್ರ, ಬೇರು ಎಂದು ಹೊತ್ತು ಕಳೆಯಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಒಂದೇ ಗುರುತು ನೋಡಿ ತೀರ್ಮಾನ ಮಾಡಬಾರದು. ಹೊತ್ತು ಯಾವುದು? ಹೋದದ್ದು ಮರಿಯೋ, ಕೋಳಿಯೋ, ತತ್ತಿಯೋ? ಉಳಿದದ್ದು ಏನು? ಈ ಮೂರನ್ನೂ ಕೂಡಿಸಿ ನೋಡಬೇಕು.

ಗೂಡು ಗಟ್ಟಿ ಮಾಡೋಣ

ನರಿ ಎಲ್ಲ ದೇಶದಲ್ಲೂ ಜಾಣ. ಅಮೆರಿಕಾದಲ್ಲಿ ಕಯೋಟಿ ಎಂಬ ಪ್ರಾಣಿ ಇದೆ. ಅದೂ ನಮ್ಮ ನರಿಯ ಜಾತಿಯದೇ. ಅಲ್ಲಿಯ ಹೆಣ್ಣುಮಕ್ಕಳಿಗೂ ಕೋಳಿ ಕಾಯುವ ಚಿಂತೆ ಇದೆ. ಅವರು ಮಾಡುವುದೂ ಇದೇ ಕೆಲಸ. ಹೊತ್ತು ಮುಳುಗುವ ಮುಂಚೆ ಕೋಳಿ ಒಳಗೆ, ಬಾಗಿಲು ಭದ್ರ.

ಹತ್ತು ಕೋಳಿ ರಾತ್ರಿ ಮಲಗಲು 4 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ನೆಲಕ್ಕೆ ಪರಸಿ ಕಲ್ಲು ಹಾಸಿ. ಆಗ ಹೆಗ್ಗಣ ಕೊರೆಯುವುದಿಲ್ಲ, ನಾಯಿ ಕೆದರುವುದಿಲ್ಲ. ಕಲ್ಲು ಇಲ್ಲವೆ? ಗೂಡನ್ನು 2 ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ.

ಗಾಳಿ ಆಡಲು ಜಾಳಿಗೆ ಬೇಕು. ಜಾಳಿಗೆಯ ಕಣ್ಣಲ್ಲಿ ನಿಮ್ಮ ಹೆಬ್ಬೆರಳು ಹೋಗಬಾರದು. ಬಾಗಿಲಿಗೆ ಹಗ್ಗ ಕಟ್ಟಿದರೆ ಸಾಲದು, ಚಿಲಕ ಹಾಕಿ. ತಿಂಗಳಿಗೊಮ್ಮೆ ಸುತ್ತಲೂ ಕೈಯಾಡಿಸಿ ಸಂದು ಹುಡುಕಿ.

ತಾಯಿಕೋಳಿ ಮತ್ತು ಮರಿಗಳನ್ನು ಮೊದಲ ಒಂದು ತಿಂಗಳು ದೊಡ್ಡ ಬುಟ್ಟಿಯ ಕೆಳಗೆ ಇಡಿ. ಬುಟ್ಟಿಯ ಮೇಲೆ ಕಲ್ಲು ಹೇರಿ. ಹಿತ್ತಲಲ್ಲಿ ಹೀರೆ ಅಥವಾ ಅವರೆ ಬಳ್ಳಿಯ ಚಪ್ಪರ ಹಾಕಿ. ಮರಿಗೆ ಹದ್ದಿನಿಂದ ಮರೆ, ಮನೆಗೆ ಪಲ್ಯ. ಬಿಳಿ ಕೋಳಿ ದೂರಕ್ಕೂ ಎದ್ದು ಕಾಣುತ್ತದೆ. ಕಂದು, ಕಪ್ಪು ಬಣ್ಣದ ನಾಟಿ ಕೋಳಿ ಗಿಡಗಂಟಿಯಲ್ಲಿ ಬೇಗ ಮರೆಯಾಗುತ್ತದೆ.

ಸತ್ತ ಕೋಳಿ, ಕರುಳುಗಳನ್ನು ಹಿತ್ತಲಿಗೆ ಎಸೆಯಬೇಡಿ. ಅದರ ವಾಸನೆಯೇ ನಾಯಿ, ನರಿಗಳನ್ನು ಕರೆಯುತ್ತದೆ. ಆಳವಾಗಿ ಹೂಳಿ.

ವಿಷ ಬೇಡ, ಕರೆಂಟು ಬೇಡ

ಸಿಟ್ಟಿನಲ್ಲಿ ಕೆಲವರು ವಿಷ ಇಡುತ್ತಾರೆ. ಬೇಲಿಗೆ ಕರೆಂಟು ಹರಿಸುತ್ತಾರೆ. ಆ ವಿಷ ಯಾರ ಬಾಯಿಗೆ ಹೋಗುತ್ತದೋ ಬಲ್ಲವರಾರು? ಆ ತಂತಿಯನ್ನು ನಮ್ಮ ಕೂಸೇ ಮುಟ್ಟಬಹುದು. ನರಿ, ಕಾಡಬೆಕ್ಕು, ಮುಂಗುಸಿಗಳಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಕೊಂದರೆ ಅಪರಾಧ. ಹೊಲದ ಇಲಿಗಳನ್ನು ತಿಂದು ಬೆಳೆ ಉಳಿಸುವುದೂ ಇವೇ. ಅವು ಹೊಲದಲ್ಲಿ ಇರಲಿ, ಕೋಳಿ ಗೂಡಿನಲ್ಲಿ ಇರಲಿ.

ನಾಯಿ, ನರಿ, ಬೆಕ್ಕು, ಮುಂಗುಸಿ ಯಾವುದೇ ಕಚ್ಚಲಿ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ. ಈ ರೋಗ ತಲೆಗೇರಿದರೆ ಜೀವ ಉಳಿಯುವುದು ಕಷ್ಟ.

ಬರೆದಿಡೋಣ

ಗೂಡಿನ ಹತ್ತಿರ ಒಂದು ಪುಸ್ತಕ, ಒಂದು ಪೆನ್ನು ಇಡಿ. ದಿನಾಲು ಸಂಜೆ ಕೋಳಿ ಎಣಿಸಿ. ತಾರೀಖು ಬರೆಯಿರಿ, ಎಷ್ಟು ಇವೆ ಬರೆಯಿರಿ. ಕಡಿಮೆಯಾದರೆ ಯಾವ ಹೊತ್ತು, ಯಾವ ಗುರುತು ಎಂದು ಬರೆಯಿರಿ. ಗಾಯ ಇಲ್ಲದೆ ಕೋಳಿ ಸತ್ತಿದ್ದರೆ ಅದು ರೋಗ ಇರಬಹುದು. ಪಶು ಆಸ್ಪತ್ರೆಯವರಿಗೆ ತೋರಿಸಿ.

ತಿಂಗಳು ಕಳೆದ ಮೇಲೆ ಆ ಪುಟ ಓದಿ. ಕಳ್ಳನ ಹೆಸರು ಅದರಲ್ಲೇ ಸಿಗುತ್ತದೆ. ಆಮೇಲೆ ಪಕ್ಕದ ಮನೆಯಾಕೆಯನ್ನೂ ಕರೆಯಿರಿ. ಅವಳ ಕೋಳಿಯೂ ಹೋಗಿರಬಹುದಲ್ಲ! "ಬಾರವ್ವಾ, ಇಬ್ಬರೂ ಕೂಡಿ ಗೂಡು ಕಟ್ಟೋಣ" ಅನ್ನಿ. ನಿಂತ ಮಾತು ಮತ್ತೆ ಹತ್ತಲಿ.